ಶಿವಮೊಗ್ಗ ಜಿಲ್ಲೆಯಲ್ಲಿ 112: ಪೊಲೀಸ್ ಕಂಟ್ರೋಲ್ ರೂಮಿನವರಿಗೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಕೂತು, ಬಂದ ಕರೆಗೆ ಯಾವ ಗಾಡಿ ಹೋಗಬೇಕು ಎಂದು ತೀರ್ಮಾನಿಸಿ ಕಳಿಸುವುದು ನನ್ನ ಕೆಲಸ. ಇಲಾಖೆಯಲ್ಲಿ ಇದಕ್ಕೆ ಡಿಸ್ಪ್ಯಾಚರ್ ಅನ್ನುತ್ತಾರೆ. ನೆಂಟರ ಮನೆಯಲ್ಲಿ, ಸಂತೆಯಲ್ಲಿ, ಶಾಲೆಗೆ ಮಾತಾಡಲು ಹೋದಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ಎರಡು ಮಾತು ಸಾಕು. ಮಲೆನಾಡಿನ ಮಟ್ಟಿಗೆ ಬಹುಪಾಲು ಉತ್ತರಗಳು ಒಂದೇ ಕಡೆ ಬಂದು ನಿಲ್ಲುತ್ತವೆ: ನೀವು ಎಲ್ಲಿದ್ದೀರಿ ಅನ್ನುವುದು ನಮಗೆ ಎಷ್ಟು ಬೇಗ ಗೊತ್ತಾಗುತ್ತದೆ?

112ಕ್ಕೆ ಕಾಲ್ ಮಾಡಿದರೆ ಎತ್ತುವವರು ಯಾರು? ಶಿವಮೊಗ್ಗದಲ್ಲಾ, ಬೆಂಗಳೂರಲ್ಲಾ?

ಮೊದಲು ಎತ್ತುವುದು ಬೆಂಗಳೂರಿನ ರಾಜ್ಯ ಕೇಂದ್ರದಲ್ಲಿ. ಅಲ್ಲಿ ಕೂತವರು ನಿಮ್ಮ ಮಾತು ಕೇಳಿ, ಜಾಗ, ವಿಷಯ, ಫೋನ್ ನಂಬರ್ ಟೈಪ್ ಮಾಡಿ ಒಂದು ಈವೆಂಟ್, ಅಂದರೆ ಆ ಕರೆಯ ದಾಖಲೆ, ತೆರೆಯುತ್ತಾರೆ. ಅದು ಆ ಕ್ಷಣವೇ ಆಯಾ ಜಿಲ್ಲೆಯ ಕಂಟ್ರೋಲ್ ರೂಮಿನ ಪರದೆಗೆ ಬರುತ್ತದೆ. ಅಲ್ಲಿಂದ ಮುಂದಿನದು ನಮ್ಮದು. ಯಾವ ಗಾಡಿ ಎಲ್ಲಿದೆ ಎಂದು ನಕ್ಷೆಯಲ್ಲಿ ನೋಡಿ, ಹತ್ತಿರದ್ದಕ್ಕೆ ಈವೆಂಟ್ ದಾಟಿಸುತ್ತೇವೆ. ಗಾಡಿಯೊಳಗೆ ಒಂದು ಟ್ಯಾಬ್ ಇರುತ್ತದೆ, ವಿವರ ಅದರಲ್ಲಿ ಮೂಡುತ್ತದೆ. ಅದರ ಜೊತೆಗೆ ವೈರ್‌ಲೆಸ್‌ನಲ್ಲೂ ಬಾಯಲ್ಲಿ ಹೇಳುತ್ತೇವೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಟ್ಯಾಬ್‌ಗೆ ನೆಟ್‌ವರ್ಕ್ ಸಿಗದ ಕಣಿವೆಗಳು ಬೇಕಾದಷ್ಟಿವೆ.

ಈ ವ್ಯವಸ್ಥೆ ದೇಶದಲ್ಲಿ ಮೊದಲು ಶುರುವಾದದ್ದು 2018ರ ನವೆಂಬರ್‌ನಲ್ಲಿ, ಹಿಮಾಚಲ ಪ್ರದೇಶದಲ್ಲಿ. ಮರುವರ್ಷ ಕರ್ನಾಟಕಕ್ಕೂ ಬಂತು. 2012ರ ದೆಹಲಿ ಪ್ರಕರಣದ ನಂತರ ಬಂದ ನಿರ್ಭಯಾ ನಿಧಿಯ ಹಣ ಇದಕ್ಕೆ ಬಳಕೆಯಾಗಿದೆ. ಪೊಲೀಸರಿಗೆ 100, ಅಗ್ನಿಶಾಮಕಕ್ಕೆ 101, ಆಂಬುಲೆನ್ಸ್‌ಗೆ 108 ಎಂದು ನೆನಪಿಟ್ಟುಕೊಳ್ಳಬೇಕಾದ ಕಡೆ ಒಂದೇ ನಂಬರ್ ಇರಲಿ ಎನ್ನುವುದು ಇದರ ಉದ್ದೇಶ.

ಬೆಂಗಳೂರಿನವರಿಗೆ ನಮ್ಮ ಊರು ಹೇಗೆ ಗೊತ್ತಾಗಬೇಕು?

ಈ ಪ್ರಶ್ನೆ ಕೇಳುವವರ ಆತಂಕ ಸರಿಯಾದದ್ದೇ. ಹೊಸನಗರ ತಾಲ್ಲೂಕಿನ ಬಿದನೂರು ನಗರದವರು ಫೋನ್ ಮಾಡಿ "ನಗರದಿಂದ ಮಾತಾಡ್ತಾ ಇದೀನಿ" ಎಂದರೆ, ಗೊತ್ತಿಲ್ಲದವರು ಶಿವಮೊಗ್ಗ ನಗರ ಎಂದುಕೊಳ್ಳಬಹುದು. "ಸಾಗರ ರಸ್ತೆ" ಎಂದರೆ ಶಿವಮೊಗ್ಗ ಪೇಟೆಯ ರಸ್ತೆಯೂ ಹೌದು, ಆನಂದಪುರದಿಂದ ಆಚೆಗಿನ ಹೈವೇಯೂ ಹೌದು. ಹೊಸೂರು, ಹೊಸಕೊಪ್ಪ ಅನ್ನುವ ಹೆಸರಿನ ಊರುಗಳು ಯಾವ ತಾಲ್ಲೂಕಿನಲ್ಲಿ ಇಲ್ಲ ಹೇಳಿ?

ಆದ್ದರಿಂದ ಊರ ಹೆಸರಿನ ಜೊತೆ ತಾಲ್ಲೂಕನ್ನು ತಪ್ಪದೇ ಹೇಳಿ. ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರ, ಈ ಏಳರಲ್ಲಿ ಒಂದು ಹೆಸರು ಬಿದ್ದರೆ ನಮ್ಮ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧಕ್ಕೆ ನಾವು ಜಿಲ್ಲೆಯವರೇ ಇದ್ದೇವೆ. ಅನುಮಾನ ಬಂದರೆ ನಾವೇ ನಿಮಗೆ ವಾಪಸ್ ಫೋನ್ ಮಾಡುತ್ತೇವೆ. ಹಾಗಾಗಿ 112ಕ್ಕೆ ಮಾಡಿದ ಮೇಲೆ ಆ ಫೋನನ್ನು ಬೇರೆಯವರಿಗೆಲ್ಲ ಸುದ್ದಿ ಹೇಳಲು ಬಳಸಬೇಡಿ. ನಾವು ಮಾಡಿದಾಗ ಎಂಗೇಜ್ ಬರುತ್ತದೆ.

ಮೊದಲ ಮಾತು ಏನಿರಬೇಕು?

ಜಾಗ. "ಬೇಗ ಬನ್ನಿ ಸಾರ್, ಹೊಡೀತಾ ಇದಾರೆ" ಅಲ್ಲ, "ಸೊರಬ ತಾಲ್ಲೂಕು, ಇಂಥ ಊರು, ಇಂಥ ಕೇರಿ, ಹೊಡೀತಾ ಇದಾರೆ". ಕರೆ ಅಲ್ಲಿಗೇ ಕಟ್ಟಾದರೂ ನಾವು ಗಾಡಿ ಹೊರಡಿಸಬಹುದು. ವಿಷಯ ಮಾತ್ರ ಹೇಳಿ ಜಾಗ ಹೇಳುವ ಮೊದಲು ಕಟ್ಟಾದರೆ, ಏನೋ ಆಗುತ್ತಿದೆ ಎಂದು ಗೊತ್ತಿದ್ದೂ ಹೋಗಲು ದಿಕ್ಕಿಲ್ಲದೆ ಕೂರಬೇಕಾಗುತ್ತದೆ. ನಮ್ಮ ಕೆಲಸದಲ್ಲಿ ಅದಕ್ಕಿಂತ ಹಿಂಸೆ ಇನ್ನೊಂದಿಲ್ಲ.

ಮಲೆನಾಡಿನ ತೊಂದರೆ ಏನೆಂದರೆ ನಮ್ಮಲ್ಲಿ ಊರೆಂದರೆ ಒತ್ತೊತ್ತಾಗಿ ಇರುವ ಮನೆಗಳಲ್ಲ. ಒಂದು ಮನೆ ಗುಡ್ಡದ ಈ ಕಡೆ, ಇನ್ನೊಂದು ಹಳ್ಳದ ಆ ಕಡೆ, ನಡುವೆ ತೋಟ, ಬ್ಯಾಣ, ಸೊಪ್ಪಿನ ಬೆಟ್ಟ. ಬೀದಿಯ ಹೆಸರಿಲ್ಲ, ಮನೆ ನಂಬರ್ ಪಂಚಾಯಿತಿ ಪುಸ್ತಕದಲ್ಲಿ ಮಾತ್ರ. ಇಂಥ ಕಡೆ ವಿಳಾಸ ಹೇಳುವುದಕ್ಕೂ ಒಂದು ಕ್ರಮ ಬೇಕು. ಡಾಂಬರು ರಸ್ತೆಯಿಂದ ಶುರು ಮಾಡಿ. ಯಾವ ಕೈಮರದ ಹತ್ತಿರ ತಿರುಗಬೇಕು, ಎಡವೋ ಬಲವೋ, ಎಷ್ಟು ದೂರ, ದಾರಿಯಲ್ಲಿ ಶಾಲೆಯೋ ಸೊಸೈಟಿಯೋ ಭೂತನ ಕಟ್ಟೆಯೋ ಸಿಗುತ್ತದಾ, ಕೊನೆಗೆ ಜೀಪು ಎಲ್ಲಿಯವರೆಗೆ ಬರುತ್ತದೆ, ಎಲ್ಲಿಂದ ನಡೆಯಬೇಕು. ಸಂಕ, ಅಂದರೆ ಹಳ್ಳದ ಕಾಲುಸೇತುವೆ, ದಾಟಬೇಕಿದ್ದರೆ ಮೊದಲೇ ಹೇಳಿ. ಮಳೆಗಾಲದಲ್ಲಿ ಹಳ್ಳ ಬಂದು ಸಂಕ ಹೋಗಿದ್ದರೆ ಅದನ್ನೂ ಹೇಳಿ. ನಕ್ಷೆಯಲ್ಲಿ ಅದು ರಸ್ತೆಯೆಂದೇ ಕಾಣುತ್ತಿರುತ್ತದೆ.

ಮನೆ ಯಜಮಾನರ ಹೆಸರು, ಮನೆತನದ ಹೆಸರು ಹೇಳುವುದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಬೀಟ್ ಪೊಲೀಸರಿಗೆ ಸರ್ವೆ ನಂಬರ್ ಹೇಳಿದರೆ ತಿಳಿಯದು, "ಮೇಲಿನಮನೆಯವರ ತೋಟದ ಪಕ್ಕ" ಎಂದರೆ ಥಟ್ಟನೆ ತಿಳಿಯುತ್ತದೆ. ಹೊರಗಿನಿಂದ ಬಂದು ಹೋಂಸ್ಟೇಯಲ್ಲಿ ಉಳಿದವರಾದರೆ ಆ ಹೋಂಸ್ಟೇಯ ಹೆಸರು, ಕೀಲಿ ಕೊಟ್ಟವರ ಫೋನ್ ನಂಬರ್ ಹೇಳಿ. ಹತ್ತಿರದಲ್ಲಿ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಇದ್ದು ಅದರ ಮೇಲೆ ಬರೆದ ನಂಬರ್ ಓದಲು ಬಂದರೆ, ಮೆಸ್ಕಾಂ ಲೈನ್‌ಮ್ಯಾನ್ ಮೂಲಕ ಜಾಗ ಹಿಡಿಯುವ ದಾರಿಯೂ ಒಂದಿದೆ.

ಫೋನಿನ ಲೊಕೇಶನ್ ನಿಮಗೆ ತಾನಾಗಿಯೇ ಕಾಣುವುದಿಲ್ಲವೇ?

ಕಾಣುತ್ತದೆ, ಆದರೆ ಸಿನಿಮಾದಲ್ಲಿ ತೋರಿಸಿದ ಹಾಗಲ್ಲ. ಮಾಮೂಲಿ ಕರೆ ಬಂದಾಗ ಟೆಲಿಫೋನ್ ಕಂಪನಿಯಿಂದ ಸಿಗುವುದು ಮುಖ್ಯವಾಗಿ ಟವರ್ ಆಧಾರದ ಅಂದಾಜು. ಪೇಟೆಯಲ್ಲಿ ಟವರುಗಳು ಹತ್ತಿರ ಹತ್ತಿರ ಇರುವುದರಿಂದ ಅಂದಾಜು ಚಿಕ್ಕ ವೃತ್ತಕ್ಕೆ ಇಳಿಯುತ್ತದೆ. ಗುಡ್ಡದ ನೆತ್ತಿಯ ಒಂದು ಟವರ್ ಸುತ್ತಲಿನ ಹತ್ತಾರು ಹಳ್ಳಿಗಳಿಗೆ ಸಿಗ್ನಲ್ ಕೊಡುವ ಕಡೆ ಆ ವೃತ್ತ ಕಿಲೋಮೀಟರ್‌ಗಟ್ಟಲೆ ಹರಡುತ್ತದೆ. ಅದರೊಳಗೆ ಕಾಡೂ ಇರುತ್ತದೆ, ಹಿನ್ನೀರೂ ಇರುತ್ತದೆ. ಗಡಿಯಲ್ಲಿ ಇನ್ನೊಂದು ತೊಡಕು: ಸೊರಬದ ಅಂಚಿನವರ ಫೋನ್ ಪಕ್ಕದ ಜಿಲ್ಲೆಯ ಟವರ್ ಹಿಡಿದಿರುತ್ತದೆ, ಜೋಗದಲ್ಲಿ ನಿಂತವರದ್ದು ಸಿದ್ದಾಪುರದ ಕಡೆಯದ್ದು.

"112 ಇಂಡಿಯಾ" ಆ್ಯಪ್ ಹಾಕಿಕೊಂಡು ಅದರಿಂದ ಕರೆದರೆ ಫೋನಿನ ಜಿಪಿಎಸ್ ಜಾಗವೇ ಬರುತ್ತದೆ. ಒಂಟಿ ಮನೆಯವರು, ರಾತ್ರಿ ಬೈಕಿನಲ್ಲಿ ಓಡಾಡುವವರು, ಹಾಸ್ಟೆಲ್ ಹುಡುಗಿಯರು ಇದನ್ನು ಹಾಕಿಕೊಳ್ಳಲಿ ಎನ್ನುವುದು ನನ್ನ ಬಲವಾದ ಆಸೆ. ಹಾಕಿಕೊಂಡ ದಿನವೇ ಮನೆಯವರ ನಂಬರುಗಳನ್ನೂ ಅದರಲ್ಲಿ ತುಂಬಿಡಿ.

ಮೊದಲು ಗಾಡಿ ಕಳಿಸಿ, ಆಮೇಲೆ ಪ್ರಶ್ನೆ ಕೇಳಬಾರದೇ?

ನಾವು ಪ್ರಶ್ನೆ ಕೇಳುತ್ತಿರುವಾಗಲೇ ಗಾಡಿ ಹೊರಟಿರುತ್ತದೆ. ಜಾಗ ಸಿಕ್ಕ ಕೂಡಲೇ ಪಕ್ಕದ ಸಿಬ್ಬಂದಿ ಮೈಕ್ ಹಿಡಿದಿರುತ್ತಾರೆ. ಮುಂದಿನ ಪ್ರಶ್ನೆಗಳೆಲ್ಲ ದಾರಿಯಲ್ಲಿರುವ ಸಿಬ್ಬಂದಿಗೆ. ಕತ್ತಿ ಇದೆಯೋ ಕೋವಿ ಇದೆಯೋ, ಎಷ್ಟು ಜನ, ಕುಡಿದಿದ್ದಾರೋ, ಗಾಯ ಆಗಿದೆಯೋ, ಮಕ್ಕಳು ಒಳಗಿದ್ದಾರೋ. ಮಲೆನಾಡಿನ ಮನೆಗಳಲ್ಲಿ ಬೆಳೆ ಕಾಯಲು ಪರವಾನಗಿ ಕೋವಿ ಇರುವುದು ಸಾಮಾನ್ಯ. ಅಂಥ ಮನೆಯ ಜಗಳಕ್ಕೆ ಇಬ್ಬರು ಸಿಬ್ಬಂದಿ ಏನೂ ತಿಳಿಯದೆ ಹೋಗಿ ಬಾಗಿಲು ತಟ್ಟುವುದಕ್ಕೂ ತಿಳಿದು ಹೋಗುವುದಕ್ಕೂ ಇರುವ ಅಂತರ ದೊಡ್ಡದು.

ಘಾಟಿಯಲ್ಲಿ ಅಪಘಾತ ಆಯಿತು, ಎಲ್ಲಿದ್ದೇವೆ ಎಂದೇ ಗೊತ್ತಿಲ್ಲ. ಏನು ಹೇಳುವುದು?

ಪ್ರವಾಸಿಗರಿಂದ ಇಂಥ ಕರೆ ಬರುತ್ತಲೇ ಇರುತ್ತದೆ, ಮಳೆಗಾಲದ ಶನಿವಾರ ಭಾನುವಾರ ಇನ್ನೂ ಹೆಚ್ಚು. ಮಾತು ಹೀಗೆ ನಡೆಯುತ್ತದೆ:

"ಸಾರ್, ಕಾರು ಕೆಳಗೆ ಹೋಗಿದೆ, ಫುಲ್ ಮಂಜು, ಎಲ್ಲಿ ಅಂತ ಗೊತ್ತಾಗ್ತಿಲ್ಲ."

"ಗಾಬರಿ ಬೇಡಿ, ಲೈನಲ್ಲೇ ಇರಿ. ಕೊನೇ ಸಲ ಗಾಡಿ ನಿಲ್ಲಿಸಿದ್ದು ಎಲ್ಲಿ?"

"ತೀರ್ಥಹಳ್ಳೀಲಿ ತಿಂಡಿ ತಿಂದ್ವಿ."

"ಆಮೇಲೆ ಚೆಕ್‌ಪೋಸ್ಟ್ ಸಿಕ್ತಾ?"

"ಹೂಂ, ಸಿಕ್ತು. ಅದಾದ್ಮೇಲೆ ಇಳಿಜಾರು ಶುರುವಾಯ್ತು."

"ಎಷ್ಟು ತಿರುವು ಇಳಿದಿರಿ? ಅಂದಾಜು ಹೇಳಿ."

"ನಾಲ್ಕೋ ಐದೋ."

"ಈಗ ಇಳಿಯೋ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಗುಡ್ಡ ಎಡಕ್ಕಾ, ಬಲಕ್ಕಾ? ಕಾರು ಯಾವ ಕಡೆ ಹೋಗಿದ್ದು?"

ಇಷ್ಟಾದರೆ ಆಗುಂಬೆ ಘಾಟಿಯ ಮೇಲಿನ ಭಾಗ ಎಂದು ನಮಗೆ ಗೊತ್ತಾಯಿತು. ಅಲ್ಲಿನ ಹದಿನಾಲ್ಕು ತಿರುವುಗಳಲ್ಲಿ ಎಷ್ಟನೆಯದರ ಬಳಿ ಹುಡುಕಬೇಕು ಎಂಬುದೂ ಸುಮಾರಾಗಿ ಸಿಕ್ಕಿತು. ಮೇಲಿನಿಂದ ಆಗುಂಬೆಯ ಗಾಡಿ ಇಳಿಯುತ್ತದೆ. ಕೆಳಗಿನ ಸೋಮೇಶ್ವರ ಉಡುಪಿ ಜಿಲ್ಲೆಗೆ ಸೇರಿದ್ದು, ಅಲ್ಲಿನ ಕಂಟ್ರೋಲ್ ರೂಮಿಗೂ ಅದೇ ಹೊತ್ತಿಗೆ ಹೇಳುತ್ತೇವೆ. ಯಾರ ಸರಹದ್ದು ಎಂಬ ಲೆಕ್ಕ ಆಮೇಲೆ. ಹುಲಿಕಲ್ ಘಾಟಿಯಲ್ಲೂ ಹೀಗೆಯೇ, ಹೊಸಂಗಡಿ ಕಡೆಯಿಂದ ಹತ್ತುವವರೂ ಮಾಸ್ತಿಕಟ್ಟೆ ಕಡೆಯಿಂದ ಇಳಿಯುವವರೂ ಒಟ್ಟಿಗೆ ಹೊರಡಬೇಕು.

ನೀವು ಮಾಡಬಹುದಾದದ್ದು: ಕಿಲೋಮೀಟರ್ ಕಲ್ಲು, ತಿರುವಿನ ಫಲಕ, ಸೇತುವೆಯ ಮೇಲಿನ ಸಂಖ್ಯೆ ಏನೇ ಕಂಡರೂ ಓದಿ ಹೇಳಿ. ಫಲಕದ ಫೋಟೊ ತೆಗೆದಿಟ್ಟುಕೊಂಡು ಸಿಗ್ನಲ್ ಸಿಗುವಲ್ಲಿಗೆ ನಡೆದು ಬಂದು ಹೇಳಿದರೂ ಆದೀತು. ಪ್ರಪಾತಕ್ಕೆ ಬಿದ್ದವರನ್ನು ಹಗ್ಗ ಕಟ್ಟಿ ತರಲು ನೀವೇ ಇಳಿಯಬೇಡಿ. ಒದ್ದೆ ಜಂಬಿಟ್ಟಿಗೆಯ ಮೇಲೆ ಕಾಲು ನಿಲ್ಲುವುದಿಲ್ಲ, ಒಬ್ಬರನ್ನು ಎತ್ತಲು ಹೋಗಿ ಇಬ್ಬರಾಗುತ್ತಾರೆ. ರಸ್ತೆಯಲ್ಲೇ ಗಾಯಾಳು ಇದ್ದರೆ ರಕ್ತ ಸುರಿಯುವ ಜಾಗಕ್ಕೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ, ಹಿಂದೆ ಮುಂದೆ ಬರುವ ಗಾಡಿಗಳಿಗೆ ದೂರದಿಂದಲೇ ಕಾಣುವ ಹಾಗೆ ಒಬ್ಬರನ್ನು ನಿಲ್ಲಿಸಿ.

ಸಿಗ್ನಲ್ಲೇ ಇಲ್ಲದ ಊರು ನಮ್ಮದು. ಏನು ಮಾಡೋಣ?

ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಗುತ್ತಿದ್ದರೆ ಫೋನ್ 112ಕ್ಕೆ ಅದನ್ನು ಬಳಸಿಕೊಳ್ಳುತ್ತದೆ. ಪರದೆಯ ಮೇಲೆ "ತುರ್ತು ಕರೆ ಮಾತ್ರ" ಎಂದು ತೋರಿಸುವುದು ಅದಕ್ಕೇ. ಆದ್ದರಿಂದ ಸಿಗ್ನಲ್ ಕಡ್ಡಿ ನೋಡಿ ಕೈಬಿಡದೆ ಒಮ್ಮೆ ಒತ್ತಿ ನೋಡಿ. ರೀಚಾರ್ಜ್ ಮುಗಿದು ಔಟ್‌ಗೋಯಿಂಗ್ ನಿಂತಿದ್ದರೂ 112 ಹೋಗಬೇಕೆಂಬುದು ನಿಯಮ. ಲ್ಯಾಂಡ್‌ಲೈನ್ ಇರುವ ಮನೆಯವರು ಅದರಿಂದಲೂ ಮಾಡಬಹುದು.

ಈಗ ಎಷ್ಟೋ ಒಂಟಿಮನೆಗಳಲ್ಲಿ ಟವರ್ ಇಲ್ಲ, ಆದರೆ ಫೈಬರ್ ವೈಫೈ ಇದೆ. ನೆನಪಿಡಿ, ವಾಟ್ಸಾಪ್ ಕರೆಯಿಂದ 112 ಬರುವುದಿಲ್ಲ. ಟವರ್ ಇರುವ ಕಡೆ ವಾಸವಾಗಿರುವ ಮಗನೋ ತಮ್ಮನೋ ಇದ್ದರೆ ಅವರಿಗೆ ವಾಟ್ಸಾಪ್ ಮಾಡಿ, ಅವರ ಕೈಯಲ್ಲಿ 112ಕ್ಕೆ ಮಾಡಿಸಿ. ಅವರು ಬೆಂಗಳೂರಿನಲ್ಲಿದ್ದರೂ ತೊಂದರೆಯಿಲ್ಲ. "ನಾನು ಇಲ್ಲಿದ್ದೇನೆ, ಘಟನೆ ತೀರ್ಥಹಳ್ಳಿ ತಾಲ್ಲೂಕಿನ ನನ್ನ ಅಮ್ಮನ ಮನೆಯಲ್ಲಿ" ಎಂದು ಮೊದಲೇ ಸ್ಪಷ್ಟ ಮಾಡಬೇಕು. ಇಲ್ಲದಿದ್ದರೆ ಈವೆಂಟ್ ಬೆಂಗಳೂರಿಗೇ ತೆರೆದುಕೊಳ್ಳುವ ಅಪಾಯ ಇದೆ.

ಆಷಾಢದ ಗಾಳಿಮಳೆಯಲ್ಲಿ ಕರೆಂಟು ಹೋಗಿ ಎರಡು ದಿನ ಬರದಿದ್ದರೆ ಟವರಿನ ಬ್ಯಾಟರಿಯೂ ಸಾಯುತ್ತದೆ. ಆಗ ಊರಿಗೆ ಊರೇ ಮೂಕ. ಹಾಗಾದಾಗ ಯಾರಾದರೊಬ್ಬರು ಬೈಕಿನಲ್ಲಿ ಹತ್ತಿರದ ಠಾಣೆಗೋ ಉಪಠಾಣೆಗೋ ಹೋಗಿ ಹೇಳುವುದೇ ದಾರಿ. ಅಲ್ಲಿ ವೈರ್‌ಲೆಸ್ ಸೆಟ್ ಇರುತ್ತದೆ.

ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ?

ಶಿವಮೊಗ್ಗ ಪೇಟೆಯೊಳಗೆ ನಿಮಿಷಗಳ ಮಾತು. ಮಲೆನಾಡಿನ ಒಳಭಾಗದಲ್ಲಿ ಅಷ್ಟು ಬೇಗ ಎಂದು ಆಸೆ ಹುಟ್ಟಿಸುವುದು ತಪ್ಪಾಗುತ್ತದೆ. ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಇಲ್ಲಿ ಲೆಕ್ಕ ತಪ್ಪುತ್ತದೆ. ತಿರುವು, ಮಂಜು, ದರೆ ಕುಸಿತ, ಬಿದ್ದ ಮರ ಎಲ್ಲ ಸೇರಿಸಿಕೊಂಡು ಅಳೆಯಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುತ್ತದೆ, ಅದರ ಬಹುಭಾಗ ನಾಲ್ಕು ತಿಂಗಳೊಳಗೆ. ಆ ನಾಲ್ಕು ತಿಂಗಳಿಗೆ ನಮ್ಮ ತಲೆಯೊಳಗಿನ ನಕ್ಷೆಯೇ ಬೇರೆ.

ತುಮರಿ ಕಡೆಯವರಿಗೆ ಇದು ಹೇಳದೆಯೇ ಗೊತ್ತು. ಲಿಂಗನಮಕ್ಕಿ ಹಿನ್ನೀರಿನಾಚೆಯ ಕರೂರು ಹೋಬಳಿಯಿಂದ ರಾತ್ರಿ ಕರೆ ಬಂದರೆ, ಹಿನ್ನೀರು ದಾಟಿಸುವ ಲಾಂಚ್ ಆ ದಿನಕ್ಕೆ ನಿಂತ ಮೇಲೆ ಸಾಗರದಿಂದ ಗಾಡಿ ಹೋಗಬೇಕಿದ್ದರೆ ಹೊಸನಗರ, ನಗರದ ಕಡೆ ಸುತ್ತಬೇಕಿತ್ತು. ಬಾಣಂತಿಯರು, ಹಾವು ಕಚ್ಚಿದವರು ದಡದಲ್ಲಿ ಕಾದ ಕತೆಗಳು ಆ ಭಾಗದ ಪ್ರತಿ ಮನೆಯಲ್ಲೂ ಇವೆ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ತೆರೆದದ್ದು ಸಿಗಂದೂರಿಗೆ ಹೋಗುವ ಭಕ್ತರಿಗೆ ಅನುಕೂಲ ಎಂದು ಎಲ್ಲರೂ ಬರೆದರು. ಡಿಸ್ಪ್ಯಾಚ್ ಮೇಜಿನಲ್ಲಿ ಕೂತವರಿಗೆ ಅದು ಬೇರೆಯೇ ಸಂಗತಿ. ರಾತ್ರಿ ಹನ್ನೊಂದಕ್ಕೂ ಸಾಗರದ ಗಾಡಿಗೆ "ನೇರ ಹೋಗಿ" ಅನ್ನಲು ಆಗುವುದು ಎಂದರೆ ಏನು ಎಂಬುದು ನಮಗೆ ಗೊತ್ತು.

ಎರಡು ಕರೆ, ಒಂದೇ ಗಾಡಿ ಎನ್ನುವ ಹೊತ್ತೂ ಬರುತ್ತದೆ. ಆಗ ತೀರ್ಮಾನ ಮಾಡಬೇಕಾದವರು ಶಿಫ್ಟಿನ ಹಿರಿಯರು. ಜೀವಕ್ಕೆ ಅಪಾಯ ಇರುವುದು ಮೊದಲು, ಈಗ ನಡೆಯುತ್ತಿರುವುದು ಆಮೇಲೆ, ನಡೆದು ಮುಗಿದದ್ದು ಕೊನೆಗೆ. ಬೇಲಿ ಜಗಳದವರಿಗೆ ನಾವು ತಡವಾಗಿ ಬಂದೆವು ಎಂದು ಸಿಟ್ಟು ಬಂದರೆ, ಆ ಹೊತ್ತಿಗೆ ಇನ್ನೆಲ್ಲೋ ಒಬ್ಬರ ಉಸಿರು ಉಳಿಸುವುದಕ್ಕೆ ಗಾಡಿ ಹೋಗಿತ್ತು ಎಂದು ತಿಳಿಯಬೇಕು. 112ರ ಗಾಡಿ ದೂರ ಇದ್ದರೆ ಠಾಣೆಯ ಜೀಪು, ಬೀಟ್ ಬೈಕು, ಹೈವೇ ಪಟ್ರೋಲ್, ಯಾರು ಹತ್ತಿರವೋ ಅವರನ್ನು ಎಬ್ಬಿಸುತ್ತೇವೆ.

ಮಾತಾಡಲು ಆಗದ ಸ್ಥಿತಿಯಲ್ಲಿದ್ದರೆ?

ಹೊಡೆಯುವವನು ಪಕ್ಕದಲ್ಲೇ ಇದ್ದಾಗ ಹೆಣ್ಣುಮಕ್ಕಳು ಕರೆ ಮಾಡಿ ಬೇರೆ ಯಾರಿಗೋ ಮಾತಾಡುತ್ತಿರುವಂತೆ ಮಾತಾಡುತ್ತಾರೆ. "ಅಕ್ಕಾ, ನಾಳೆ ಬೆಳಿಗ್ಗೆ ಹಾಲು ಕಳ್ಸದು ಬೇಡ" ಎಂದು ಒಂದು ದನಿ ಬಂತು ಎಂದುಕೊಳ್ಳಿ. ರಾಂಗ್ ನಂಬರ್ ಎಂದು ಇಟ್ಟುಬಿಡುವುದು ಸುಲಭ. ಆದರೆ ಆ ದನಿಯಲ್ಲಿ ಒಂದು ಬಿಗಿ ಇರುತ್ತದೆ, ಹಿಂದೆ ಯಾರೋ ಗದರುವುದು, ಮಗು ಅಳುವುದು ಕೇಳುತ್ತದೆ. ಆಗ ನಾವು ಹೌದು ಅಲ್ಲ ಎಂದಷ್ಟೇ ಹೇಳಿದರೆ ಸಾಕಾಗುವ ಪ್ರಶ್ನೆ ಕೇಳುತ್ತೇವೆ. "ಅಮ್ಮಾ, ಪೊಲೀಸ್ ಬೇಕಾ? ಹೂಂ ಅನ್ನಿ ಸಾಕು. ಮನೇಲೇ ಇದೀರಾ? ಕೈಯಲ್ಲಿ ಕತ್ತಿ ಇದೆಯಾ? ಸಾಗರ ತಾಲ್ಲೂಕಾ?" ಹೂಂ, ಹೂಂ, ಇಲ್ಲ, ಹೂಂ. ಇಷ್ಟರಲ್ಲೇ ಗಾಡಿ ಹೊರಡುತ್ತದೆ, ಸೈರನ್ ಹಾಕದೆ ಹೋಗಿ ಎಂದು ಹೇಳಿರುತ್ತೇವೆ.

ಮಾತೇ ಸಾಧ್ಯವಿಲ್ಲದಿದ್ದರೆ ಕರೆ ಮಾಡಿ ಫೋನನ್ನು ಬೋರಲು ಇಟ್ಟುಬಿಡಿ. ಪವರ್ ಬಟನ್ ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಈಗಿನ ಸ್ಮಾರ್ಟ್‌ಫೋನುಗಳಲ್ಲಿದೆ. ಕೆಲವು ಸೆಟ್ಟಿನಲ್ಲಿ ಮೂರು ಸಲ, ಕೆಲವಲ್ಲಿ ಐದು ಸಲ. ಬಟನ್ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು. ನಿಮ್ಮ ಸೆಟ್ಟಿನಲ್ಲಿ ಹೇಗೆ ಎಂದು ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ನೋಡಿಟ್ಟುಕೊಳ್ಳಿ.

ಮಗು ಫೋನ್ ಒತ್ತಿ 112ಕ್ಕೆ ಹೋಗಿಬಿಟ್ಟಿತು. ಕೇಸು ಹಾಕುತ್ತೀರಾ?

ಇಲ್ಲ. ಹೆದರಿ ಕಟ್ ಮಾಡಬೇಡಿ, ಅಷ್ಟೇ. "ತಪ್ಪಿ ಬಂತು, ಎಲ್ಲ ಸರಿ ಇದೆ" ಎಂದು ಹೇಳಿ ಇಡಿ. ಸುಮ್ಮನೆ ಕಟ್ ಮಾಡಿದರೆ ವಾಪಸ್ ಕರೆ ಬರುತ್ತದೆ, ಎತ್ತದಿದ್ದರೆ ಗಾಡಿಯೂ ಬರಬಹುದು.

ಬೇಕೆಂದೇ ಸುಳ್ಳು ಹೇಳುವುದು ಬೇರೆ ಮಾತು. ಇನ್ನೊಬ್ಬರಿಗೆ ತೊಂದರೆ ಕೊಡಲೆಂದು ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕುಡಿದು ರಾತ್ರಿಯಿಡೀ ಕರೆ ಮಾಡುವವರಿಗೆ ನಾನು ಹೇಳುವುದು ಕಾನೂನಿಗಿಂತ ಸರಳ: ನೀವು ಹಿಡಿದಿಟ್ಟ ಆ ಲೈನು ಇನ್ನೊಬ್ಬರಿಗೆ ಬೇಕಿತ್ತು.

ರಾತ್ರಿ ಗುಂಡಿನ ಸದ್ದು ಕೇಳಿತು. ಹೇಳಬೇಕಾ, ಬೇಡವಾ?

ಹೇಳಿ. ಅದು ಹಂದಿ ಓಡಿಸಲು ಹೊಡೆದ ಗರ್ನಾಲೋ, ಕಾಡಿನಲ್ಲಿ ಬಿದ್ದ ಈಡೋ, ಬೇರೆ ಏನೋ, ನೀವು ತೀರ್ಮಾನಿಸಬೇಕಿಲ್ಲ. ಯಾವ ದಿಕ್ಕು, ಎಷ್ಟು ಸಲ, ಆಮೇಲೆ ಗಾಡಿಯ ಸದ್ದು ಕೇಳಿತಾ ಎಂದು ಹೇಳಿದರೆ ಸಾಕು. ಅಕ್ರಮ ಬೇಟೆಯ ಅನುಮಾನ ಇದ್ದರೆ ಅರಣ್ಯದವರಿಗೂ ನಾವೇ ದಾಟಿಸುತ್ತೇವೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹೊರಗೆ ಹುಣಸೋಡಿನ ಕ್ರಷರ್ ಬಳಿ ಸ್ಫೋಟಕ ತುಂಬಿದ ಲಾರಿ ಸಿಡಿದಾಗ ಜಿಲ್ಲೆಯ ಜನ ಭೂಕಂಪ ಎಂದು ಮನೆಯಿಂದ ಹೊರಗೆ ಓಡಿದ್ದರು. ಪಕ್ಕದ ಜಿಲ್ಲೆಗಳಿಗೂ ಸದ್ದು ಮುಟ್ಟಿತ್ತು. ಅಂಥ ದೊಡ್ಡ ಘಟನೆಯಲ್ಲಿ ಎಲ್ಲ ಕಡೆಯಿಂದಲೂ ಒಟ್ಟಿಗೆ ಕರೆ ನುಗ್ಗುತ್ತದೆ, ಎಲ್ಲರೂ ಕೇಳುವುದು "ಏನಾಯ್ತು?" ಎಂದು. ಆಗ ನಮಗೆ ಬೇಕಾದದ್ದು ಕಣ್ಣಿಂದ ಕಂಡವರ ಕರೆ. ಬೆಂಕಿ ಕಂಡವರು, ಹೊಗೆ ಕಂಡವರು, ಗಾಯಗೊಂಡವರ ಹತ್ತಿರ ಇರುವವರು ಮಾಡಲಿ. ಸುದ್ದಿ ಕೇಳಲು 112ಕ್ಕೆ ಮಾಡುವುದು ಅಂಥ ಹೊತ್ತಿನಲ್ಲಿ ದಾರಿಗೆ ಅಡ್ಡ ನಿಂತ ಹಾಗೆ. ಗಣಪತಿ ವಿಸರ್ಜನೆ, ಈದ್ ಮಿಲಾದ್ ಮೆರವಣಿಗೆಯ ದಿನಗಳಲ್ಲಿ ವಾಟ್ಸಾಪ್‌ನಲ್ಲಿ ಬಂದದ್ದನ್ನು ಓದಿ ಕರೆ ಮಾಡುವವರಿಗೂ ಇದೇ ಮಾತು. ಕಂಡದ್ದನ್ನು ಹೇಳಿ, ಫಾರ್ವರ್ಡ್ ಆಗಿ ಬಂದದ್ದನ್ನು ಹೇಳಬೇಡಿ.

ಮನೆಗೆ ಹಾವು ಬಂದಿದೆ, ತೋಟಕ್ಕೆ ಆನೆ ಬಂದಿದೆ, ರಸ್ತೆಗೆ ಮರ ಬಿದ್ದಿದೆ. 112 ಬರುತ್ತದಾ?

ಹಾವು ಹಿಡಿಯಲು, ಆನೆ ಓಡಿಸಲು ಪೊಲೀಸರಿಗೆ ಬರುವುದಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926. ಕಾಳಿಂಗ ಸರ್ಪ ಕೊಟ್ಟಿಗೆಗೆ ಬಂದರೆ ದೂರ ನಿಂತು, ಅದು ಯಾವ ಕಡೆ ಹೋಯಿತು ಎಂದು ಕಣ್ಣಿಟ್ಟಿರಿ, ಕೋಲು ಹಿಡಿದು ಹೋಗಬೇಡಿ. ಹಾವು ಕಚ್ಚಿದ್ದರೆ ಮಾತ್ರ ನೇರ 108, ನಾಟಿ ಔಷಧಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ. ತಂತಿ ತುಂಡಾಗಿ ಬಿದ್ದಿದ್ದರೆ ಮೆಸ್ಕಾಂನ 1912. ಮರ ಬಿದ್ದು ಹೈವೇ ಬಂದಾದರೆ 112ಕ್ಕೆ ಹೇಳಿ, ಎರಡೂ ಕಡೆ ಗಾಡಿ ತಡೆದು ನಿಲ್ಲಿಸುವುದು ನಮ್ಮ ಕೆಲಸ. ಹೊಳೆಗೆ ಬಿದ್ದವರ ವಿಷಯಕ್ಕೂ 112 ಸರಿ, ಅಗ್ನಿಶಾಮಕದವರನ್ನು ಒಟ್ಟಿಗೇ ಹೊರಡಿಸುತ್ತೇವೆ.

ಫೋನಿನಲ್ಲಿ ಮೋಸ ಮಾಡಿ ಹಣ ಹೊಡೆದರು. 112?

1930. ಅದೇ ಗಳಿಗೆಯಲ್ಲಿ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಆಗ ಮಾತ್ರ. ವಿಡಿಯೊ ಕಾಲ್‌ನಲ್ಲಿ ಯೂನಿಫಾರಂ ಹಾಕಿಕೊಂಡು "ಡಿಜಿಟಲ್ ಅರೆಸ್ಟ್" ಎನ್ನುವವರು ಪೊಲೀಸರಲ್ಲ, ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ಅಡಿಕೆ ಮಾರಿದ ದುಡ್ಡು ಖಾತೆಯಲ್ಲಿರುವ ವಯಸ್ಸಾದವರಿಗೆ ಇದನ್ನು ಮನೆಯವರು ಕೂರಿಸಿಕೊಂಡು ಹೇಳಬೇಕು.

ಕರೆ ಮಾಡಿದರೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದಾ?

ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಇದು 2019ರ ತಿದ್ದುಪಡಿಯಲ್ಲಿ ಸೇರಿತು. ಹೆಸರು, ವಿಳಾಸ ಹೇಳಲೇಬೇಕೆಂದು ನಿಮ್ಮನ್ನು ಬಲವಂತ ಮಾಡುವಂತಿಲ್ಲ, ಆಸ್ಪತ್ರೆಯಲ್ಲಿ ಹಿಡಿದಿಟ್ಟುಕೊಳ್ಳುವಂತಿಲ್ಲ. ಬಿದ್ದವರನ್ನು ನೋಡಿಯೂ "ನಮಗ್ಯಾಕೆ ಪೊಲೀಸ್ ಉಸಾಬರಿ" ಎಂದು ಗಾಡಿ ಮುಂದೆ ಓಡಿಸುವವರು ಇದನ್ನೊಮ್ಮೆ ಓದಲಿ. ಓಡಿಹೋದ ಗಾಡಿಯ ನಂಬರ್ ಪೂರ್ತಿ ಸಿಗದಿದ್ದರೂ ಸರಿ, ಕೆಎ-14 ಆಗಿತ್ತೋ ಕೆಎ-15 ಆಗಿತ್ತೋ, ಬಣ್ಣ ಯಾವುದು, ಯಾವ ಕಡೆ ಹೋಯಿತು ಎಂದರೆ ಮುಂದಿನ ಚೆಕ್‌ಪೋಸ್ಟಿಗೆ ತಿಳಿಸಲು ಅಷ್ಟು ಸಾಕು.

112ಕ್ಕೆ ಹೇಳಿದರೆ ಅದೇ ದೂರಾಯಿತಲ್ಲವೇ?

ಅಲ್ಲ. ಅದು ಸಹಾಯ ಕೇಳಿದ ದಾಖಲೆ. ಎಫ್‌ಐಆರ್ ಬೇಕಿದ್ದರೆ ಠಾಣೆಯಲ್ಲಿ ದೂರು ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. "ನಮ್ಮ ಸರಹದ್ದಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ನಿಮ್ಮ ಫೋನಿಗೆ ಬಂದ ಈವೆಂಟ್ ಸಂಖ್ಯೆಯ ಮೆಸೇಜ್ ಅಳಿಸಬೇಡಿ, ಎಷ್ಟು ಹೊತ್ತಿಗೆ ಕರೆ ಮಾಡಿದ್ದಿರಿ ಎನ್ನುವುದಕ್ಕೆ ಅದೇ ಆಧಾರ.

ಠಾಣೆಯಲ್ಲಿ ಗುರುತಿನವರಿದ್ದಾರೆ. ಅವರಿಗೇ ಮಾಡಿದರೆ ಬೇಗ ಆಗುವುದಿಲ್ಲವೇ?

ಮಲೆನಾಡಿನ ಅಭ್ಯಾಸ ಇದು. ಮೊದಲು ಪಂಚಾಯ್ತಿ ಮೆಂಬರ್‌ಗೆ, ಆಮೇಲೆ ಗುರುತಿನ ಪೊಲೀಸಪ್ಪನಿಗೆ, ಅವರು ಎತ್ತದಿದ್ದರೆ ಇನ್ನೊಬ್ಬರಿಗೆ, ಕೊನೆಗೆ 112ಕ್ಕೆ. ಗುರುತಿನವರು ಅವತ್ತು ರಜೆಯಲ್ಲಿರಬಹುದು, ಬಂದೋಬಸ್ತಿಗೆ ಬೇರೆ ಜಿಲ್ಲೆಗೆ ಹೋಗಿರಬಹುದು, ನಿದ್ದೆಯಲ್ಲಿರಬಹುದು. ಅವರೂ ಕೊನೆಗೆ ನಮಗೇ ಫೋನ್ ಮಾಡುತ್ತಾರೆ. ನಡುವೆ ಹೋದ ಹೊತ್ತು ವಾಪಸ್ ಬರುವುದಿಲ್ಲ. ಮೊದಲು 112, ಆಮೇಲೆ ಬೇಕಾದರೆ ಮೆಂಬರ್.

ಕನ್ನಡ ಸರಿಯಾಗಿ ಬಾರದವರು?

ಗಾಬರಿಯಲ್ಲಿ ಎಲ್ಲರೂ ಮನೆಮಾತಿಗೆ ಇಳಿಯುತ್ತಾರೆ. ಶಿಕಾರಿಪುರದ ತಾಂಡಾದಿಂದ ಲಂಬಾಣಿ, ಭದ್ರಾವತಿಯಿಂದ ತಮಿಳು, ಸಾಗರದಿಂದ ಹವ್ಯಕ ಕನ್ನಡ, ಪೇಟೆಯಿಂದ ಉರ್ದು, ತೋಟದ ಲೈನ್‌ಮನೆಗಳಿಂದ ಹಿಂದಿ. ಬರುವ ಭಾಷೆಯಲ್ಲೇ ಮಾತಾಡಿ, ಜಾಗದ ಹೆಸರು ಎಲ್ಲ ಭಾಷೆಯಲ್ಲೂ ಒಂದೇ.

ಸಾಯಬೇಕು ಅನ್ನಿಸುತ್ತಿದೆ ಎಂದು ಹೇಳಲೂ ಕರೆ ಮಾಡಬಹುದೇ?

ಖಂಡಿತ ಮಾಡಿ. ಯಾರೂ ಬೈಯುವುದಿಲ್ಲ, ಕೇಸಿನ ಮಾತೆತ್ತುವುದಿಲ್ಲ. ಮನಸ್ಸಿನ ವಿಷಯಕ್ಕೆಂದೇ ಹಗಲೂ ರಾತ್ರಿ ಇರುವ ಟೆಲಿಮಾನಸ್‌ನ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ವಿಷ ಕುಡಿದಾಗಿದ್ದರೆ, ಹೊಳೆಯ ದಡಕ್ಕೆ ಹೋಗಿ ನಿಂತಿದ್ದರೆ 112. ಮನೆಯವರು ಹೀಗೆ ಹೇಳಿ ಹೊರಟುಹೋದರು ಎಂದರೂ ತಡ ಮಾಡದೆ ಹೇಳಿ, ಮರ್ಯಾದೆ ಪ್ರಶ್ನೆ ಎಂದು ಬೆಳಗಿನವರೆಗೆ ಕಾಯಬೇಡಿ. ಇಂಥ ಕರೆಯಲ್ಲಿ ನಾವು ಹೆಸರು ಹಿಡಿದು ಮಾತಾಡಿಸುತ್ತಾ ಇರುತ್ತೇವೆ. ಊಟ ಆಯ್ತಾ, ಮನೆಯಲ್ಲಿ ಯಾರಿದ್ದಾರೆ, ಮಳೆ ಇದೆಯಾ ಅಲ್ಲಿ. ಮಾತು ನಡೆಯುತ್ತಿರುವಷ್ಟು ಹೊತ್ತೂ ಗಾಡಿ ಹತ್ತಿರವಾಗುತ್ತಿರುತ್ತದೆ.

ಈ ಕೆಲಸಕ್ಕೆ ಸೇರುವುದು ಹೇಗೆ? ಏನು ಬರಬೇಕು?

ಜಿಲ್ಲಾ ಕಂಟ್ರೋಲ್ ರೂಮಿಗೆ ಪ್ರತ್ಯೇಕ ಪರೀಕ್ಷೆ ಇಲ್ಲ. ಪೊಲೀಸ್ ಆಗಿ ಸೇರಿದವರನ್ನೇ ಇಲ್ಲಿಗೆ ಹಾಕುತ್ತಾರೆ. ಸಿವಿಲ್‌ನವರು, ಡಿಎಆರ್‌ನವರು (ಜಿಲ್ಲಾ ಸಶಸ್ತ್ರ ಮೀಸಲು ಪಡೆ), ವೈರ್‌ಲೆಸ್ ವಿಭಾಗದವರು. ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಆಗಿರಬೇಕು. ಠಾಣೆಯಲ್ಲಿ ಬೀಟ್ ತಿರುಗಿ ಬಂದವರು ಇಲ್ಲಿ ಬೇಗ ಪಳಗುತ್ತಾರೆ, ಯಾಕೆಂದರೆ ಕೈಮರಗಳು ಅವರ ಕಾಲಿಗೆ ಗೊತ್ತಿರುತ್ತವೆ. ಕೇಳುವ ತಾಳ್ಮೆ, ಕೇಳುತ್ತಲೇ ಟೈಪ್ ಮಾಡುವ ಕೈ, ವೈರ್‌ಲೆಸ್‌ನಲ್ಲಿ ಒಂದೇ ಉಸಿರಿಗೆ ಸ್ಪಷ್ಟವಾಗಿ ಹೇಳುವ ಬಾಯಿ, ಇವು ಬೇಕು. ಹೊಸಬರಿಗೆ ನಾನು ಮೊದಲು ಕಲಿಸುವುದು ಆ ಕಡೆಯವರು ಹೇಳಿದ್ದನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳುವುದನ್ನು. ಮಳೆಯ ಸದ್ದಿನಲ್ಲಿ ಊರ ಹೆಸರಿನ ಒಂದಕ್ಷರ ಬೇರೆಯಾಗಿ ಕೇಳಿದರೂ ಗಾಡಿ ಬೇರೆ ಹೋಬಳಿಗೆ ಹೋಗುತ್ತದೆ.

ಇಂಥದ್ದೆಲ್ಲ ಕೇಳಿ ಮನಸ್ಸಿಗೆ ಏನೂ ಆಗುವುದಿಲ್ಲವೇ?

ಆಗುತ್ತದೆ. ಸ್ಥಳಕ್ಕೆ ಹೋದ ಸಿಬ್ಬಂದಿಗೆ ಕೊನೆಗೆ ಏನಾಯಿತು ಎಂದು ಗೊತ್ತಾಗುತ್ತದೆ. ನಮಗೆ ಗೊತ್ತಾಗುವುದು ಅವರು "ಸ್ಥಳಕ್ಕೆ ಬಂದೆವು, ಓವರ್" ಎನ್ನುವವರೆಗೆ ಮಾತ್ರ, ಅಷ್ಟರಲ್ಲಿ ಮುಂದಿನ ಕರೆ ಬಂದಿರುತ್ತದೆ. ಅದಕ್ಕೇ ನನ್ನ ಶಿಫ್ಟಿನಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ: ಕೆಟ್ಟ ಕರೆ ತೆಗೆದುಕೊಂಡ ಹುಡುಗ ಹುಡುಗಿಯರಿಗೆ ಆ ಕೇಸು ಏನಾಯಿತೆಂದು ಠಾಣೆಗೆ ಕೇಳಿ ತಿಳಿಸುವುದು. ಒಳ್ಳೆಯದೇ ಇರಲಿ ಕೆಟ್ಟದ್ದೇ ಇರಲಿ, ತಿಳಿದರೆ ರಾತ್ರಿ ನಿದ್ದೆ ಬರುತ್ತದೆ.

ಕರೆ ಮುಗಿದ ಮೇಲೆ ಗಾಡಿ ಬರುವವರೆಗೆ ನಾವೇನು ಮಾಡಬೇಕು?

ಅಂಗಳದ ದೀಪ ಹಾಕಿ. ನಾಯಿ ಕಟ್ಟಿ. ದಾರಿಗೆ ಗೇಟಿನಂತೆ ಅಡ್ಡ ಹಾಕಿದ ಉಣಗೋಲು ತೆಗೆದಿಡಿ. ಒಬ್ಬರನ್ನು ಟಾರ್ಚ್ ಕೊಟ್ಟು ಡಾಂಬರು ರಸ್ತೆಯ ತಿರುವಿಗೆ ಕಳಿಸಿ, ಪೊಲೀಸ್ ಗಾಡಿ ಕಂಡರೆ ಟಾರ್ಚ್ ಬೀಸಲಿ. ಕಳ್ಳತನ ಆಗಿದ್ದರೆ ಅಡಿಕೆ ಮೂಟೆ ಇದ್ದ ಜಾಗ, ಬೀಗ, ಬಾಗಿಲು ಯಾವುದನ್ನೂ ಮುಟ್ಟಬೇಡಿ, ಗುಡಿಸಬೇಡಿ. ಕಳ್ಳರು ಇನ್ನೂ ತೋಟದಲ್ಲೇ ಇದ್ದಾರೆಂದು ಅನುಮಾನವಿದ್ದರೆ ಕತ್ತಲೆಯಲ್ಲಿ ಹುಡುಕಲು ಇಳಿಯದೆ ಒಳಗೆ ಚಿಲಕ ಹಾಕಿಕೊಂಡು ಇರಿ. ಪರಿಸ್ಥಿತಿ ಬದಲಾದರೆ, ಅವರು ಓಡಿಹೋದರೆ, ಗಾಯಾಳುವನ್ನು ಬೇರೆ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದರೆ, ಮತ್ತೆ 112ಕ್ಕೆ ಮಾಡಿ ಈವೆಂಟ್ ಸಂಖ್ಯೆ ಹೇಳಿ ತಿಳಿಸಿ. ಯಾವ ಆಸ್ಪತ್ರೆ, ಯಾವ ದಾರಿಯಲ್ಲಿ ಹೊರಟಿದ್ದೀರಿ ಎಂದೂ ಹೇಳಿ. ಎದುರಿಗೆ ಬರುತ್ತಿರುವ ನಮ್ಮ ಗಾಡಿ ನಿಮ್ಮನ್ನು ದಾರಿಯಲ್ಲೇ ಸೇರಿಕೊಳ್ಳಬಹುದು.